ಇಲಿಗೆ ಕೇಳಿಸುವ ಪೆಟ್ಟಿಗೆ

ಇಷ್ಟಕ್ಕೂ ಶಬ್ದ ಹೊರಗೆ ಬರುತ್ತಿದೆಯೋ ಇಲ್ಲವೋ ಎಂದು ತಿಳಿಯುವುದಾದರೂ ಹೇಗೆ? ಕೇಳಿಸಿದರೆ ತಪ್ಪು, ಕೇಳಿಸದಿದ್ದರೆ ಸರಿ. ಆದರೆ ಏನೂ ಬಾರದೆ ಹೋದಾಗಲೂ ಕೇಳಿಸುವುದಿಲ್ಲವಲ್ಲ. ಸರಿಯಾಗಿರುವಾಗಲೂ ಕೆಟ್ಟಿರುವಾಗಲೂ ಒಂದೇ ಥರ ಕೂತಿರುವ ವಸ್ತುವನ್ನು ಯಾವ ನಂಬಿಕೆಯ ಮೇಲೆ ಕೊಳ್ಳುವುದು?

ಚಿಕ್ಕಬಳ್ಳಾಪುರದ ಸುನೀಲ್‌ಕುಮಾರನ ಸೌಂಡ್ ಸಿಸ್ಟಮ್ ಅಂಗಡಿಯಲ್ಲಿ ಒಂದು ಕೈಯಲ್ಲಿ ಎತ್ತರದ ಸ್ವರ ನುಡಿಸುವ ಕರಿಯ ಟ್ವೀಟರ್ ಸ್ಪೀಕರನ್ನೂ ಇನ್ನೊಂದರಲ್ಲಿ ಗುಂಡಗಿನ ಪುಟ್ಟ ಸೆನ್ಸರನ್ನೂ ಹಿಡಿದುಕೊಂಡು ಭಾನುಪ್ರಕಾಶ್ ಯೋಚಿಸುತ್ತ ನಿಂತುಬಿಟ್ಟಿದ್ದ.

"ಸಾರ್, ಯಾವುದಕ್ಕೆ ಬೇಕು ಅಂತ ಹೇಳ್ಬಿಡಿ. ಮದುವೆಗಾ, ಗಣೇಶನಿಗಾ?" ಎಂದ ಸುನೀಲ್‌ಕುಮಾರ್.

"ಇಲಿಗೆ."

"ಇಲಿ ಮದುವೆಗಾ?"

ಭಾನುಪ್ರಕಾಶ್ ನಗಲಿಲ್ಲ. ಚಿಂತಾಮಣಿಯ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುವ ಅವನಿಗೆ ಜೋಕುಗಳು ಒಂದು ಗಳಿಗೆ ತಡವಾಗಿ ಅರ್ಥವಾಗುತ್ತಿದ್ದವು. "ಮನುಷ್ಯರಿಗೆ ಕೇಳಿಸಬಾರದು. ಮೂವತ್ತು ಕಿಲೋಹರ್ಟ್ಸಿನ ಮೇಲಿನ ಶಬ್ದ ಹೊರಡಿಸಬೇಕು, ಅದೂ ಕಂಪ್ಯೂಟರಿನಿಂದ" ಎಂದ.

"ಕೇಳಿಸದೇ ಇರೋ ಡಿಜೆ! ಈ ಊರಲ್ಲಿ ಎಲ್ರೂ ಇದನ್ನೇ ತಗೊಂಡಿದ್ರೆ ನಾನೂ ಮಧ್ಯಾಹ್ನ ಒಂದು ನಿದ್ದೆ ತೆಗೀತಿದ್ದೆ. ಆದ್ರೆ ಸಾರ್, ಒಂದು ಮಾತು. ಗ್ಯಾರಂಟಿ ಮಾತ್ರ ಕೇಳ್ಬೇಡಿ. ಕೇಳಿಸ್ತಾ ಇಲ್ಲ ಅಂತ ನೀವು ವಾಪಸ್ ತಂದ್ರೆ ನಾನೇನು ಹೇಳ್ಲಿ?"

ಈ ಸಲ ಭಾನುಪ್ರಕಾಶನಿಗೂ ನಗು ಬಂತು. ನಕ್ಕರೂ ಎದೆಯ ಭಾರವೇನೂ ಇಳಿಯಲಿಲ್ಲ. ಸಾದಲಿಯ ಅವರ ಮನೆಯ ಹಿಂದಿದ್ದ ಹುಳುಮನೆ ಈಗ ಈ ಆಯ್ಕೆಯ ಮೇಲೆ ನಿಂತಿತ್ತು. ರೇಷ್ಮೆಹುಳು ಸಾಕುತ್ತಿದ್ದವಳು ಅವನ ಹೆಂಡತಿ ಕವಿತ. ಕಳೆದ ಬೆಳೆಯಲ್ಲಿ ನಾಲ್ಕನೇ ಜ್ವರ ಎದ್ದು, ಎಂದರೆ ಕೊನೆಯ ಪೊರೆ ಬಿಟ್ಟು, ಹುಳುಗಳು ಬೆರಳುದ್ದ ಬೆಳೆದು ನಿಂತ ಹೊತ್ತಿಗೆ ಇಲಿಗಳು ನುಗ್ಗಿ ತಟ್ಟೆಗಟ್ಟಲೆ ಹುಳುಗಳನ್ನು ಮುಗಿಸಿಬಿಟ್ಟಿದ್ದವು. ವಿಷ ಇಡುವಂತಿಲ್ಲ, ಹಿಪ್ಪುನೇರಳೆ ಸೊಪ್ಪಿಗೆ ಸೋಕಿದರೆ ಹುಳುವೇ ಸಾಯುತ್ತದೆ. ಅಂಟಿನ ಹಲಗೆಯಲ್ಲಿ ಸಿಕ್ಕಿಕೊಂಡ ಇಲಿ ಕಿರುಚುವುದನ್ನು ಕವಿತ ಸಹಿಸಲಾರಳು. ಅವನ ಅಪ್ಪ ವೆಂಕಟರಾಯಪ್ಪ ಬೇಸತ್ತು, "ಸಾಕಮ್ಮಾ ಇದು. ಟೊಮೊಟೊ ಬಾಕ್ಸ್ ಇಡೋಕೆ ಬಾಡಿಗೆಗೆ ಕೇಳ್ತಾ ಇದ್ದಾರೆ, ಕೊಟ್ಬಿಡಣ" ಎಂದಿದ್ದರು. ಇನ್ನೊಂದೇ ಒಂದು ಬೆಳೆ ಕೊಡಿ ಎಂದು ಕವಿತ ಕೇಳಿಕೊಂಡಿದ್ದಳು. ಅವರು ಒಪ್ಪಿದ್ದರು, ಒಂದಕ್ಕೆ ಮಾತ್ರ.

ಆ ವಾರವೇ ಕವಿತ ಗೌರಿಬಿದನೂರಿನ ಕಡೆಯ ತನ್ನ ತವರಿನಿಂದ ಒಂದು ಬೆಕ್ಕನ್ನು ಬುಟ್ಟಿಯಲ್ಲಿಟ್ಟು ಬಸ್ಸಿನಲ್ಲಿ ತಂದಳು. ಅದಕ್ಕೆ ಬುಜ್ಜಿ ಎಂದು ಹೆಸರು. ಬಂದ ದಿನದಿಂದ ಹುಳುಮನೆಗೆ ಹೊಂದಿಕೊಂಡ ಸೊಪ್ಪಿನ ಕೋಣೆಯ ಬಾಗಿಲಲ್ಲಿ ಸುರುಳಿ ಸುತ್ತಿಕೊಂಡು ಮಲಗಿದ್ದೇ ಮಲಗಿದ್ದು. "ಉಂಡು ಮಲಗೋಕೆ ಮನೇಲಿ ನಾನೊಬ್ಬ ಸಾಲದಾಗಿತ್ತೇನಮ್ಮ?" ಎಂದು ವೆಂಕಟರಾಯಪ್ಪ ಹಾಸ್ಯ ಮಾಡಿದ್ದರು.

ಬೆಕ್ಕಿನ ಮೇಲೆ ಭಾನುಪ್ರಕಾಶನಿಗೂ ನಂಬಿಕೆಯಿರಲಿಲ್ಲ. ನಿಜ ಹೇಳಬೇಕೆಂದರೆ ಹುಳುಮನೆಗೆ ತನ್ನಿಂದಲೂ ಏನಾದರೂ ಆಗಬೇಕು ಎಂಬ ಆಸೆ ಅವನಿಗೆ. ಮದುವೆಯಾದ ಹೊಸತರಲ್ಲಿ, ಹುಳುವಿಗೆ ವಾಸನೆ ಆಗದೆಂದು ತಿಳಿಯದೆ, ಸೆಂಟು ಹಾಕಿಕೊಂಡು ಒಳಗೆ ಹೋಗಿ ಬೈಸಿಕೊಂಡವನು, ಅಲ್ಲಿಂದಾಚೆ ರೋಗ ಒಳಬಾರದಂತೆ ಬಾಗಿಲಲ್ಲಿ ಎಳೆದ ಸುಣ್ಣದ ಗೆರೆಯನ್ನು ದಾಟಿದ್ದು ಅಪರೂಪ. ಆದರೆ ಹೊರಗೆ ಗೋಡೆಗೆ ಒರಗಿ ಕೂರುವುದು ಅವನಿಗೆ ಇಷ್ಟ. ಹುಳು ಜ್ವರಕ್ಕೆ ಕೂತಾಗ ಒಳಗೆ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ. ಲಕ್ಷಾಂತರ ಜೀವಗಳು ತಲೆಯೆತ್ತಿಕೊಂಡು ಅಲುಗದೆ ಇರುವ ಆ ಮೌನ ಖಾಲಿ ಮನೆಯ ಮೌನವಲ್ಲ. ಆ ಮೌನ ಕೆಡದಂತೆ ಕಾವಲು ಕಾಯಬಲ್ಲ ಸದ್ದೊಂದು ಇದ್ದರೆ ಅದು ಯಾರಿಗೂ ಕೇಳಿಸದ ಸದ್ದೇ ಆಗಿರಬೇಕು ಎಂದು ಅವನಿಗೆ ಹೊಳೆದದ್ದು ಹಾಗೆ ಕೂತಿದ್ದಾಗಲೇ.

ಪ್ಲಗ್ಗಿಗೆ ಸಿಕ್ಕಿಸುವ ಸಿದ್ಧ ಯಂತ್ರಗಳು ಮಾರುಕಟ್ಟೆಯಲ್ಲಿದ್ದವು. ಆದರೆ ಅವು ದಿನವಿಡೀ ಒಂದೇ ರಾಗ ಎಳೆಯುತ್ತವೆ, ಇಲಿ ಅದಕ್ಕೆ ಒಗ್ಗಿಹೋಗುತ್ತದೆ. ಕಂಪ್ಯೂಟರಾದರೆ ಗಳಿಗೆಗೊಂದು ರಾಗ ಬದಲಿಸಬಹುದು. ಕೈಯಲ್ಲಿದ್ದ ಸೆನ್ಸರೂ ಸದ್ದು ಹೊರಡಿಸಬಲ್ಲದು, ಆದರೆ ಅದಕ್ಕೂ ಅದೇ ದೋಷ, ನಲವತ್ತು ಕಿಲೋಹರ್ಟ್ಸ್ ಬಿಟ್ಟರೆ ಬೇರೆ ಸ್ವರವೇ ಬಾರದು. ಕೊನೆಗೆ ಅದನ್ನು ಕೆಳಗಿಟ್ಟು ಟ್ವೀಟರನ್ನೂ ಒಂದು ಆಂಪ್ಲಿಫಯರನ್ನೂ ಕಟ್ಟಿಸಿಕೊಂಡು ಬಂದ.

ಭಾನುವಾರ ನಡುಮನೆಯಲ್ಲಿ ಪರೀಕ್ಷೆ. ಹಳೆಯ ಲ್ಯಾಪ್‌ಟಾಪು, ಆಂಪ್ಲಿಫಯರು, ಟ್ವೀಟರು ಸಾಲಾಗಿ ಕೂತವು. ಭಾನುಪ್ರಕಾಶ್ ಗುಂಡಿ ಒತ್ತಿದ.

"ಏನಪ್ಪಾ, ಶುರುವಾಯ್ತಾ?" ಎಂದರು ವೆಂಕಟರಾಯಪ್ಪ.

"ಆಗ್ತಾ ಇದೆ."

"ಏನು ಆಗ್ತಾ ಇದೆ?"

"ಶಬ್ದ."

ವೆಂಕಟರಾಯಪ್ಪ ಸೊಸೆಯ ಮುಖ ನೋಡಿದರು. ಸೊಸೆ ಬೆಕ್ಕಿನ ಮುಖ ನೋಡಿದಳು. ಬುಜ್ಜಿ ಟ್ವೀಟರಿನ ಎದುರಿಗೇ ಕೂತು ಹಿಂಗಾಲು ನೆಕ್ಕಿಕೊಳ್ಳುತ್ತಿತ್ತು.

"ರೀ, ಬೆಕ್ಕಿಗೆ ಕೇಳಿಸುತ್ತಾ ಇದು?"

"ಇಲಿಗೆ ಕೇಳಿಸೋದು ಬೆಕ್ಕಿಗೂ ಕೇಳಿಸುತ್ತೆ."

"ಹಾಗಾದ್ರೆ ನಿಮ್ಮ ಪೆಟ್ಟಿಗೆ ಮೂಗ" ಎಂದಳು ಕವಿತ.

ಅವಳು ಹೇಳಿದ್ದು ಸರಿಯಾಗಿತ್ತು. ಕಿವಿಯಲ್ಲಿ ಸಿಗದ ಉತ್ತರ ಬೆಕ್ಕಿನಲ್ಲಿ ಸಿಕ್ಕಿದ್ದು ಭಾನುಪ್ರಕಾಶನಿಗೆ ಖುಷಿಯೇ ಆಯಿತು. ಲೆಕ್ಕ ಹಾಕಿ ನೋಡಿದರೆ ತಪ್ಪು ಲ್ಯಾಪ್‌ಟಾಪಿನ ಸೌಂಡ್ ಕಾರ್ಡಿನದು. ಮನುಷ್ಯರ ಕಿವಿಗೆ ಸಾಕಾಗುವಷ್ಟನ್ನೇ ಅದು ಕೊಡುತ್ತಿತ್ತು. ಏಕೆ ಎಂದು ಕವಿತ ಕೇಳಿದಾಗ ಅವನು ವಿವರಿಸಿದ: ಕಂಪ್ಯೂಟರು ಅಲೆಯನ್ನು ನೇರ ಎಳೆಯುವುದಿಲ್ಲ, ಚುಕ್ಕಿ ಇಡುತ್ತಾ ಹೋಗುತ್ತದೆ. ಅಲೆ ಸಣ್ಣದಾದಷ್ಟೂ ಚುಕ್ಕಿ ಒತ್ತೊತ್ತಾಗಿ ಬೀಳಬೇಕು.

"ಅಷ್ಟೇ ತಾನೆ? ರಂಗೋಲಿ ಥರ. ಚುಕ್ಕಿ ಸಾಲದಿದ್ರೆ ಬಳ್ಳಿ ಎಲ್ಲಿಂದ ಬರುತ್ತೆ?"

ತರಗತಿಯಲ್ಲಿ ಎರಡು ಬೋರ್ಡು ತುಂಬಿಸಿದರೂ ಯಾರೂ ಹೀಗೆ ಹಿಡಿದಿರಲಿಲ್ಲ. ಮುಂದಿನ ವರ್ಷ ಇದನ್ನೇ ಹೇಳಬೇಕು ಎಂದುಕೊಂಡ.

ಹೆಚ್ಚು ಚುಕ್ಕಿ ಇಡಬಲ್ಲ ಸೌಂಡ್ ಕಾರ್ಡು ಹುಡುಕಿ ತರಿಸಿದ. ಬುಜ್ಜಿ ಆಕಳಿಸಿತು. ಡಬ್ಬದ ಮೇಲೆ ಬರೆದದ್ದೇ ಬೇರೆ, ಕಾರ್ಡಿನೊಳಗೆ ಮೇಲಿನ ಸ್ವರವನ್ನೆಲ್ಲ ಸೋಸಿ ಚೆಲ್ಲುವ ಜರಡಿಯಿತ್ತು. ಅದನ್ನು ವಾಪಸು ಕಳಿಸಿ, ಹಾಡು ರೆಕಾರ್ಡು ಮಾಡುವವರು ಬಳಸುವ ಕಾರ್ಡೊಂದನ್ನು ಸುನೀಲ್‌ಕುಮಾರನ ಗೆಳೆಯನಿಂದ ಹಳೆಯದೇ ಕೊಂಡ. ಬುಜ್ಜಿಯ ಒಂದು ಕಿವಿ ತಿರುಗಿತು, ಅಷ್ಟೆ. ಈಗ ಆಂಪ್ಲಿಫಯರಿನ ಸರದಿ. ಹೊಸ ಕಾಲದ ಆ ಪುಟ್ಟ ಆಂಪ್ಲಿಫಯರು ಎತ್ತರದ ಸ್ವರವನ್ನು ಮಧ್ಯದಲ್ಲೇ ನುಂಗುತ್ತಿತ್ತು. ಅದನ್ನು ಕೊಟ್ಟು, ಸುಮ್ಮನಿದ್ದರೂ ಬಿಸಿಯಾಗುವ ಹಳೇ ಮಾದರಿಯ ದೊಡ್ಡದೊಂದನ್ನು ಹೊತ್ತು ತಂದ.

ಈ ಸಲ ಗುಂಡಿ ಒತ್ತಿದ್ದೇ ತಡ, ಬುಜ್ಜಿ ನಿಂತಲ್ಲಿಂದಲೇ ನೆಗೆದು ವೆಂಕಟರಾಯಪ್ಪನವರ ಹೆಗಲು, ಅಲ್ಲಿಂದ ಟೀವಿ, ಅಲ್ಲಿಂದ ಕಿಟಕಿ ದಾಟಿ ಸೀದಾ ಕಾಂಪೌಂಡ್ ಗೋಡೆ ಹತ್ತಿ ಕೂತಿತು.

"ಭೇಷ್!" ಎಂದರು ವೆಂಕಟರಾಯಪ್ಪ, ಹೆಗಲು ತಿಕ್ಕಿಕೊಳ್ಳುತ್ತ. "ಈಗ ಬಂತು ನೋಡು ಶಬ್ದ!"

ಕವಿತ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಹಾಗೆ ಅವಳು ನಕ್ಕು ಒಂದು ಬೆಳೆಯೇ ಕಳೆದಿತ್ತು. ನಗು ನಿಂತ ಮೇಲೆ ಅವಳು ಕೇಳಿದ್ದು ಒಂದೇ, "ಹುಳಕ್ಕೆ ಏನೂ ಆಗಲ್ಲ ತಾನೆ?" ಬಿಡಿ ಹುಳುಗಳ ತಟ್ಟೆಯೊಂದನ್ನು ಪೆಟ್ಟಿಗೆಯ ಮುಂದಿಟ್ಟು ನೋಡಿದರು. ಅವು ತಲೆ ಕೂಡ ಎತ್ತದೆ ಸೊಪ್ಪು ಮೇಯುತ್ತಿದ್ದವು.

ಪೆಟ್ಟಿಗೆ ಸೊಪ್ಪಿನ ಕೋಣೆ ಸೇರಿತು. ಇಲಿಗಳು ಬರುವುದು ಆ ದಾರಿಯಿಂದಲೇ. ಲ್ಯಾಪ್‌ಟಾಪಿನ ಪರದೆಯ ಮೇಲೆ ಅಲೆಗಳು ಹಗಲೂ ರಾತ್ರಿ ಓಡತೊಡಗಿದವು. ಮೊದಲೆರಡು ದಿನ ಕವಿತ ಯಾಕೋ ಮಂಕಾಗಿದ್ದಳು. ಆಮೇಲೆ ಸರಿಹೋದಳು. ಭಾನುಪ್ರಕಾಶ್ ಸಂಜೆ ಚಿಂತಾಮಣಿಯಿಂದ ಬಂದವನು ಶೂ ಬಿಚ್ಚುವ ಮೊದಲೇ ಕೇಳುತ್ತಿದ್ದ, "ಇಲಿ?"

"ಒಂದೂ ಇಲ್ಲ. ಕಾಫಿ ಕುಡೀರಿ."

ನಾಲ್ಕನೇ ಜ್ವರ ಎದ್ದಿತು. ಹುಳುಗಳು ಸೊಪ್ಪು ಮೇಯುವ ಸದ್ದು ಗೋಡೆಯಾಚೆಗೂ ಕೇಳುವಷ್ಟಾಯಿತು. ಭಾನುಪ್ರಕಾಶ್ ಗೋಡೆಗೆ ಒರಗಿ ಕೂತು ಆ ಸದ್ದು ಕೇಳುತ್ತ, ಅದರ ಹಿಂದೆ ತನ್ನ ಸದ್ದೂ ಇದೆ, ಅದು ಕೇಳಿಸುತ್ತಿಲ್ಲ ಅಷ್ಟೆ ಎಂದುಕೊಂಡು ಹಿಗ್ಗುತ್ತಿದ್ದ. ವೆಂಕಟರಾಯಪ್ಪ ಹಾಲಿನ ಡೈರಿಯ ಮುಂದೆ ನಿಂತು ಮಗನ ಪೆಟ್ಟಿಗೆಯ ಕಥೆಯನ್ನು ಊರಿಗೆಲ್ಲ ಹೇಳಿದರು. ಟೊಮೊಟೊ ಬಾಕ್ಸಿನವರು ಮತ್ತೆ ಬಂದಾಗ, "ಬೆಳೆ ಮುಗೀಲಿ ನೋಡಣ" ಎಂದು ಕಳಿಸಿಬಿಟ್ಟರು.

ಹುಳು ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವ ದಿನ ಭಾನುಪ್ರಕಾಶ್ ರಜೆ ಹಾಕಿದ. ಸೋಪು ಕೂಡ ಹಚ್ಚದೆ ಸ್ನಾನ ಮಾಡಿ, ಸುಣ್ಣದ ಗೆರೆ ದಾಟಿ, ಪೆಟ್ಟಿಗೆಯನ್ನೊಮ್ಮೆ ನೋಡಿ ಬರೋಣವೆಂದು ಸೊಪ್ಪಿನ ಕೋಣೆಗೆ ಕಾಲಿಟ್ಟ.

ಆಂಪ್ಲಿಫಯರಿನ ಮೇಲೆ ಬುಜ್ಜಿ ಮಲಗಿತ್ತು. ಟ್ವೀಟರಿನ ಬಾಯಿಗೆ ಬೆನ್ನು ಆನಿಸಿಕೊಂಡು ಗಾಢವಾಗಿ ನಿದ್ರಿಸುತ್ತಿತ್ತು. ಅದರ ಕೆಳಗೆ ಕವಿತಳ ಹಳೆಯ ಸೀರೆಯ ತುಂಡು ನಾಲ್ಕು ಮಡಿಕೆಯಾಗಿ ಹಾಸಿತ್ತು. ಪರದೆಯ ಮೇಲೆ ಅಲೆಗಳು ಓಡುತ್ತಿದ್ದವು, ಕೆಂಪು ದೀಪ ಉರಿಯುತ್ತಿತ್ತು. ಆಂಪ್ಲಿಫಯರಿನ ಶಬ್ದದ ಗುಂಡಿ ಮಾತ್ರ ಸೊನ್ನೆಗೆ ತಿರುಗಿತ್ತು. ಕೋಣೆಯ ಮೂಲೆಯಲ್ಲಿ, ಗುಡಿಸಿ ಎತ್ತಲು ಕವಿತ ಮರೆತಿದ್ದ ಒಂದು ಇಲಿಬಾಲ ಬಿದ್ದಿತ್ತು.

ಅವನು ನಿಂತು ನೋಡಿದ. ಎಲ್ಲವೂ ಒಂದಾದ ಮೇಲೊಂದು ತಿಳಿಯುತ್ತ ಹೋಯಿತು. ಪೆಟ್ಟಿಗೆ ಬಂದ ದಿನ ಇಲಿಯ ಜೊತೆಗೆ ಬೆಕ್ಕೂ ಓಡಿಹೋಗಿರಬೇಕು. ಇಲಿಗೆ ಹಸಿವಿತ್ತು, ಹೇಗೋ ಸಹಿಸಿಕೊಂಡು ವಾಪಸು ಬಂದಿರಬೇಕು. ಬೆಕ್ಕಿಗೆ ಅಂಥ ಹಟವೇನಿರಲಿಲ್ಲ, ಕವಿತ ಸದ್ದು ಅಡಗಿಸಿದ ಮೇಲೆಯೇ ಅದು ಮರಳಿ ಬಂದು ಇಲಿ ಹಿಡಿದಿರಬೇಕು. ಕವಿತಳ ಆ ಎರಡು ದಿನದ ಮಂಕಿಗೂ ಅರ್ಥ ಸಿಕ್ಕಿತು. ಮುಖ ಬಿಸಿಯಾಯಿತು. ಮರುಗಳಿಗೆ ಆ ಸೀರೆಯ ಮಡಿಕೆ ಕಂಡು, ಅವಳು ಅಲೆಗಳನ್ನು ಓಡಲು ಬಿಟ್ಟು ಗುಂಡಿಯನ್ನಷ್ಟೇ ತಿರುಗಿಸಿದ್ದು ನೆನೆದು, ಆ ಬಿಸಿ ಬೇರೆ ಏನೋ ಆಗಿಹೋಯಿತು. ಗುಂಡಿಯ ಬಳಿಗೆ ಹೋಗಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

ಚಂದ್ರಿಕೆ ಹೊತ್ತು ಬಂದ ಕವಿತ ಬಾಗಿಲಲ್ಲೇ ನಿಂತಳು. "ಅಲ್ಲಿ ಬೆಚ್ಚಗಿರುತ್ತಲ್ಲ, ಅದಕ್ಕೇ ಮಲಗುತ್ತೆ ಅದು" ಎಂದಳು ಅವಸರವಾಗಿ.

"ಹೂಂ. ಈ ಥರದ್ದು ಬಿಸಿ ಜಾಸ್ತಿ" ಎಂದ ಅವನು.

ಅಷ್ಟರಲ್ಲಿ ವೆಂಕಟರಾಯಪ್ಪ ಪಕ್ಕದ ತೋಟದ ಬಯ್ಯಪ್ಪನನ್ನು ಕರೆದುಕೊಂಡು ಬಂದರು. ಬಯ್ಯಪ್ಪನ ಹುಳುಮನೆಯಲ್ಲೂ ಇಲಿಕಾಟ. "ಏಮಯ್ಯಾ ಭಾನೂ, ನಂಗೂ ಇಂಥಾದ್ದೊಂದು ಮಾಡ್ಕೊಡಪ್ಪ. ಏನೇನು ಸಾಮಾನು ತರಬೇಕು ಹೇಳು, ಈಗ್ಲೇ ಚಿಕ್ಕಬಳ್ಳಾಪುರಕ್ಕೆ ಹೊರಡ್ತೀನಿ."

ಕವಿತ ಉಸಿರು ಹಿಡಿದುಕೊಂಡದ್ದು ಭಾನುಪ್ರಕಾಶನಿಗೆ ಗೊತ್ತಾಯಿತು.

"ಮೊದಲು ಒಂದು ಬೆಕ್ಕು ತಗೊಳ್ಳಿ" ಎಂದ.

"ಬೆಕ್ಕಾ? ಅದ್ಯಾಕೆ?"

"ಟೆಸ್ಟಿಂಗಿಗೆ. ನಮಗಂತೂ ಕೇಳಿಸಲ್ಲ. ಬೆಕ್ಕಿಲ್ಲದೆ ಪೆಟ್ಟಿಗೆ ಆರಿಸೋಕೇ ಆಗಲ್ಲ. ಮೂರು ತಿಂಗಳು ಅದು ಸೊಪ್ಪಿನ ಕೋಣೇಲಿ ಇದ್ದು ಅಭ್ಯಾಸ ಆಗಲಿ. ಆಮೇಲೂ ಇಲಿ ಇದ್ರೆ ಬನ್ನಿ, ಸಾಮಾನು ತರಣ."

"ಸೈನ್ಸು ಅಂದ್ರೆ ಸುಮ್ನೇನಾ!" ಎಂದರು ವೆಂಕಟರಾಯಪ್ಪ ಹೆಮ್ಮೆಯಿಂದ. ಚಂದ್ರಿಕೆಯ ಹಿಂದಿನಿಂದ ಒಂದು ನಗು ಬಂತು, ಕೆಮ್ಮಾಗಿ ಬದಲಾಯಿತು.

ಗೂಡು ಬೆಳ್ಳಗೆ, ಗಟ್ಟಿಯಾಗಿ ಬಂತು. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ನೂಲು ತೆಗೆಯುವ ರೀಲರುಗಳು ಕೈಯಲ್ಲಿ ಹಿಡಿದು ಕುಲುಕಿ ನೋಡಿ, ಯಾರ ಮನೆಯದು ಎಂದು ವಿಚಾರಿಸಿದರು. ವೆಂಕಟರಾಯಪ್ಪ ವಾಪಸು ಬರುವ ದಾರಿಯಲ್ಲೇ ಮುಂದಿನ ಬೆಳೆಗೆ ಮರಿಹುಳು ಹೇಳಿ ಬಂದರು. ಟೊಮೊಟೊ ಬಾಕ್ಸಿನ ಮಾತು ಮನೆಯಲ್ಲಿ ಮತ್ತೆ ಏಳಲಿಲ್ಲ. ಪೆಟ್ಟಿಗೆ ಅಲ್ಲೇ ಇದೆ, ಅಲೆಗಳು ಓಡುತ್ತಲೇ ಇವೆ. ಸಂಜೆ ಬಂದ ಕೂಡಲೆ ಭಾನುಪ್ರಕಾಶ್ ಈಗಲೂ ಇಲಿಯ ಸುದ್ದಿ ಕೇಳುತ್ತಾನೆ, ಒಂದೂ ಇಲ್ಲ ಎಂದು ಕವಿತ ಹೇಳುತ್ತಾಳೆ.

ಗುಂಡಿ ಸೊನ್ನೆಯಲ್ಲಿದ್ದದ್ದನ್ನು ತಾನು ಕಂಡೆನೆಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.