ಜೀಪಿನ ಅಡಿಗೆ ಇಳಿದ ಗುರುಬಸಮ್ಮ

ಯಾವ ವಾಹನವನ್ನೇ ಆಗಲಿ, ಗುರುಬಸಮ್ಮನವರು ಅದರ ಮುಖ ನೋಡಿ ಮೆಚ್ಚಿದವರಲ್ಲ. ಬನ್ನೂರಿನ ಬಂಧುಗಳೊಬ್ಬರು ಹಳೆಯ ಕಾರೊಂದನ್ನು ಕೊಂಡು ಪೂಜೆ ಮಾಡಿಸಿ, ನೆರೆದವರೆಲ್ಲ ಅದರ ಹೊಳಪನ್ನು ಕೊಂಡಾಡುತ್ತಿದ್ದಾಗ, ಈಕೆ ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮಂಡಿಯೂರಿ, ಕಾರಿನ ಅಡಿಗೆ ತಲೆ ತೂರಿಸಿದ್ದನ್ನು ನಾನೇ ಕಂಡಿದ್ದೇನೆ. "ಮೇಲೆ ಮದುವಣಗಿತ್ತಿ, ಕೆಳಗೆ ಹಪ್ಪಳ. ಮಳೆಗಾಲಕ್ಕೆ ಮುಂಚೆ ತುಕ್ಕು ಕೆರೆಸಿ. ಆಯ್ತಾ?" ಎಂದವರೇ ಎದ್ದು ಹೋಗಿ ಪಾಯಸಕ್ಕೆ ಕುಳಿತರು.

ಅವರ ಪ್ರತಿ ಮಾತಿನ ಕೊನೆಗೂ ಬರುವ ಆ 'ಆಯ್ತಾ' ಪ್ರಶ್ನೆಯಲ್ಲ, ಆಜ್ಞೆ. ತಿ. ನರಸೀಪುರದ ಶಾಲೆಯಲ್ಲಿ ವ್ಯಾಯಾಮ ಶಿಕ್ಷಕಿಯಾಗಿದ್ದವರು. ನಿವೃತ್ತರಾದ ಮೇಲೂ ಹೆಜ್ಜೆಯಲ್ಲಿ ಕವಾಯತಿನ ತಾಳ ಉಳಿದಿತ್ತು. ಸೀರೆಯ ಮೇಲೆ ಜಿಪ್ಪು ಕಿತ್ತುಹೋದ ನೀಲಿ ಕ್ರೀಡಾಕೋಟು, ಅದರ ಜೇಬಿನಲ್ಲಿ ಸೀಟಿ, ಇದೇ ಅವರ ನಿತ್ಯವೇಷ. ಸಂಜೆಯ ಮೈದಾನದಲ್ಲಿ ಸೋಸಲೆಯ ಕಡೆಯ ಹೆಣ್ಣುಮಕ್ಕಳಿಗೆ ಕಬಡ್ಡಿ ಕಲಿಸುವುದು, ಕತ್ತಲಾಗುತ್ತಲೇ ತಮ್ಮ ಹಳೆಯ ಜೀಪಿನಲ್ಲಿ ಒಬ್ಬೊಬ್ಬರನ್ನೂ ಮನೆಬಾಗಿಲಿಗೆ ಇಳಿಸಿ ಬರುವುದು, ಇದು ಪಕ್ಕದ ಮನೆಯವನಾದ ನಾನು ವರ್ಷಗಳಿಂದ ನೋಡುತ್ತ ಬಂದ ಅವರ ದಿನಚರಿ.

ಆ ಜೀಪು ಒಂದು ಮಳೆಗಾಲ ನಂಜನಗೂಡಿನಲ್ಲಿ ಕಪಿಲೆಯ ಪ್ರವಾಹಕ್ಕೆ ಸಿಕ್ಕಿತು. ನೆಂಟರ ಮನೆಗೆ ಹೋದವರು ಹೊಳೆಬದಿಯ ಬೀದಿಯಲ್ಲಿ ನಿಲ್ಲಿಸಿದ್ದರು. ನೀರು ಇಳಿದಾಗ ಸೀಟಿನವರೆಗೂ ಕೆಸರು. ದಾರಿಬದಿಯ ಅಂಗಡಿಯವನೊಬ್ಬ ಎಂಜಿನ್ನು ಸರಿಪಡಿಸಿ, ತೇವ ಆರುವ ಮೊದಲೇ ಅಡಿಗೆಲ್ಲ ಟಾರಿನಂಥ ಕಪ್ಪು ಲೇಪ ಬಳಿದುಕೊಟ್ಟ. ನೋಡಲು ಹೊಚ್ಚ ಹೊಸದು. ಆ ಕಪ್ಪಿನ ಮರೆಯಲ್ಲಿ ತುಕ್ಕು ನಿರಾತಂಕವಾಗಿ ಕಬ್ಬಿಣವನ್ನು ತಿನ್ನುತ್ತಿದ್ದುದು ತಿಳಿದದ್ದು ಮರುವರ್ಷ, ಬ್ರೇಕು ತುಳಿದ ಗುರುಬಸಮ್ಮನವರ ಹಿಮ್ಮಡಿ ತಗಡನ್ನು ಸೀಳಿಕೊಂಡು ಕೆಳಗಿಳಿದಾಗ. ನೋಂದಣಿ ನವೀಕರಣದ ಪರೀಕ್ಷೆಯೂ ಹತ್ತಿರದಲ್ಲಿತ್ತು. ನಮ್ಮೂರಿನ ಮೆಕ್ಯಾನಿಕ್ ನಂಜುಂಡೇಶ ಬಗ್ಗಿ ನೋಡಿ ತಲೆಯಾಡಿಸಿದ.

"ಗುಜರಿಗೆ ಆಕ್ಬುಡಿ ಮೇಡಂ. ಅಡಿಯೆಲ್ಲ ತಿಂದಾಕದೆ. ಆರ್‌ಟಿಓದೋರು ಪಾಸ್ ಮಾಡಕಿಲ್ಲ."

ಜೀಪು ನಿಂತದ್ದೇ ಮೈದಾನ ಬರಿದಾಗತೊಡಗಿತು. ತಂಡದ ಅತ್ಯಂತ ಚುರುಕಿನ ಆಟಗಾರ್ತಿ ಕವನಳ ತಾಯಿ ಮಂಚಮ್ಮ ಸೋಸಲೆಯಿಂದ ಬಂದು, ನೊಂದ ದನಿಯಲ್ಲೇ ಹೇಳಿದಳು: "ಬಸ್ಸು ಓದ್ಮೇಲೆ ಎಣ್‌ಮಕ್ಳು ಎಂಗ್ ಬತ್ತವೆ ಮೇಡಂ? ಅವ್ರಪ್ಪ ಬ್ಯಾಡ ಅಂತದೆ."

ಮರುದಿನ ಬೆಳಗ್ಗೆ ನೋಡಿದರೆ ಜೀಪು ಗುರುಬಸಮ್ಮನವರ ಅಂಗಳದಲ್ಲಿ ಜಾಕಿನ ಮೇಲೆ ಎದ್ದಿತ್ತು. "ಬರೀ ಜಾಕ್ ನಂಬಿ ಕೆಳಗೆ ಮಲಗೋನು ಪೆದ್ದ. ಆ ಸ್ಟ್ಯಾಂಡು ಕೊಡಿ. ಆಯ್ತಾ?" ಎಂದು ನನ್ನನ್ನು ಕೆಲಸಕ್ಕೆ ಹಚ್ಚಿದರು. ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ ಕಟ್ಟಿ, ಅಂಗಾತ ಮಲಗಿ, ಮೊದಲು ಆ ಕಪ್ಪು ಲೇಪವನ್ನು ಹೆರೆದರು. ಆಮೇಲೆ ತಂತಿ ಬ್ರಶ್ಶಿನಿಂದ ಉಜ್ಜಿದರು. ಬೇಸಿಗೆಯ ಆ ಬಿಸಿಲಿನಲ್ಲಿ ಕೆಂಪು ಪುಡಿ ಉದುರಿ ನೀಲಿ ಕೋಟು ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ನೀರು ಸೋರಿಹೋಗಲೆಂದು ಬಿಟ್ಟಿದ್ದ ತೂತುಗಳಲ್ಲಿ ಹೊಳೆಯ ಮಣ್ಣು ಗಟ್ಟಿಯಾಗಿ ಕುಳಿತಿತ್ತು. ಅದನ್ನೆಲ್ಲ ಕುಕ್ಕಿ ತೆಗೆದರು. ಕೊನೆಗೆ ಸುತ್ತಿಗೆಯಿಂದ, ಇಡೀ ಜೀಪಿನ ಭಾರ ಹೊತ್ತ ಚಾಸಿಯ ತೊಲೆಗಳನ್ನು ಉದ್ದಕ್ಕೂ ತಟ್ಟಿದರು. ಟಣ್, ಟಣ್ ಎಂದು ಗಟ್ಟಿ ಕಬ್ಬಿಣದ ನಾದ. ಹೋಗಿದ್ದದ್ದು ತಗಡು ಮಾತ್ರ.

"ಬೆನ್ನುಮೂಳೆ ನೆಟ್ಟಗಿದೆ ರೀ!" ಜೀಪಿನ ಅಡಿಯಿಂದ ಬಂದ ಆ ಕೂಗಿಗೆ ಬೀದಿಯೇ ತಿರುಗಿ ನೋಡಿತು.

ನಂಜುಂಡೇಶ ಬಂದು, ತಾನೂ ತಟ್ಟಿ ನೋಡಿ, ವೆಲ್ಡಿಂಗ್ ಯಂತ್ರ ತಂದ. ಕೊಳೆತ ತಗಡು ಕತ್ತರಿಸಿ ಹೊಸದನ್ನು ಬೆಸೆದ ಮೇಲೆ ಕೆಂಪು ಪ್ರೈಮರು, ಅದು ಪೂರಾ ಒಣಗಿದ ಮೇಲೆ ಬಣ್ಣ, ಅದರ ಮೇಲೆ ರಕ್ಷಣೆಯ ಲೇಪ, ಟೊಳ್ಳು ತೊಲೆಗಳ ಒಳಕ್ಕೆ ಮೇಣದ ಸಿಂಪಡಣೆ. ಲೇಪ ಬಳಿಯುವಾಗ ಮುಚ್ಚಿಹೋಗದಿರಲೆಂದು ನೀರು ಸೋರುವ ಆ ತೂತುಗಳಿಗೆ ಬೇವಿನ ಕಡ್ಡಿ ಸಿಕ್ಕಿಸಿದ್ದು ಗುರುಬಸಮ್ಮನವರ ಸ್ವಂತ ಉಪಾಯ. ನಂಜುಂಡೇಶ ಅವಸರ ಮಾಡಿದಾಗಲೆಲ್ಲ ಸೀಟಿ ಊದಿ ತಡೆದರು.

ಪರೀಕ್ಷೆಯ ದಿನ ಅಧಿಕಾರಿ ಟಾರ್ಚು ಹಿಡಿದು ಕೆಳಗೆ ಬಹಳ ಹೊತ್ತು ನೋಡಿದರು, ತಟ್ಟಿದರು, ಎದ್ದು ಕೈ ಒರೆಸಿಕೊಂಡರು. "ಯಾವ ಗ್ಯಾರೇಜಲ್ಲಿ ಮಾಡಿಸಿದ್ರಿ?"

"ನಮ್ಮ ಅಂಗಳದಲ್ಲಿ. ನಾನು ಮಾಡಿದ್ದು. ಚೆನ್ನಾಗಿದೆ ಅಲ್ವಾ?" ವಿನಯ ಅವರ ಗುಣಗಳ ಪೈಕಿ ಎಂದೂ ಇರಲಿಲ್ಲ.

ಪಾಸಾದ ಜೀಪು ಮನೆಗೆ ಬರಲಿಲ್ಲ. ಕಬ್ಬಿನ ಗದ್ದೆಗಳ ನಡುವೆ ಹಾರನ್ ಒತ್ತುತ್ತ ನೇರ ಸೋಸಲೆಗೆ ಹೋಯಿತು. ಪಕ್ಕದಲ್ಲಿ ಕುಳಿತಿದ್ದ ನನಗೆ ನಾಚಿಕೆ, ಅವರಿಗೆ ಉತ್ಸವ. ಮಂಚಮ್ಮನ ಮನೆಮುಂದೆ ಇಳಿದು, ಕವನಳ ಅಪ್ಪನನ್ನೇ ಕರೆದು, "ಬಾಪ್ಪ, ಬಗ್ಗಿ ನೋಡು" ಎಂದರು. ಆತ ಬಗ್ಗಿದ, ಹೊಸ ತಗಡನ್ನು ಮುಷ್ಟಿಯಿಂದ ಗುದ್ದಿದ, ಎದ್ದು ನಕ್ಕ. "ಗಟ್ಟಿ ಅದೆ ಬುಡಿ ಮೇಡಂ. ಕರ್ಕೊಂಡೋಗಿ." ಅಷ್ಟರಲ್ಲಿ ಕವನ ಹಿಂದಿನ ಸೀಟಿಗೆ ಹಾರಿಯಾಗಿತ್ತು, ಬೀದಿಯ ತುದಿಯಿಂದ ಉಳಿದವರೂ ಓಡಿಬರುತ್ತಿದ್ದರು. ಆ ಸಂಜೆ ಮೈದಾನ ತುಂಬಿತು.

ಗೆಲುವನ್ನು ಬಾಯ್ತುಂಬ ಹೇಳಿಕೊಳ್ಳುವವರನ್ನು ನಾವು ಜಂಬದವರೆಂದು ಬದಿಗೆ ಸರಿಸುತ್ತೇವೆ. ತಲೆ ತಗ್ಗಿಸಿ ದುಡಿಯುವವರನ್ನಷ್ಟೇ ಸಜ್ಜನರೆನ್ನುತ್ತೇವೆ. ಆದರೆ ಮೈಮುರಿದು ದುಡಿದು, ದುಡಿದದ್ದನ್ನು ಸಾರಿ ಸಂಭ್ರಮಿಸುವ ಇಂಥ ಜೀವಗಳೂ ಊರಿಗೆ ಬೇಕು. ಅವರ ಸಡಗರ ಅವರೊಬ್ಬರಲ್ಲೇ ನಿಲ್ಲುವುದಿಲ್ಲ. ಅವರು ಬೀದಿಯಲ್ಲಿ ನಿಂತು ಗೆದ್ದೆನೆಂದು ಕೂಗಿದಾಗ, ಅಲ್ಲಿಯವರೆಗೆ ತಮ್ಮ ತಮ್ಮ ಹೊಸ್ತಿಲಲ್ಲಿ ಅಳುಕಿ ನಿಂತಿದ್ದವರು ಚಪ್ಪಲಿ ಮೆಟ್ಟಿ ಹೊರಡುತ್ತಾರೆ.