ಎಡಹುರಿ ನೂಲು

"ಮೊದಲು ಖಾಲಿ ತುಳಿದು ನೋಡು ಅವ್ವ, ಉಣ್ಣೆ ಆಮೇಲೆ," ಎಂದು ಬಡಗಿ ಹಿಲಾರಿಯೊ ಸ್ಟೂಲನ್ನು ಹೊಸ ರಾಟೆಯ ಮುಂದಕ್ಕೆ ಸರಿಸಿದ.

ಸತುರ್ನೀನಾ ಕೂತಳು. ಕೂತು ನೂಲುವುದೇ ಅವಳಿಗೆ ಹೊಸದು. ಐವತ್ತು ವರ್ಷ ನೂತದ್ದೆಲ್ಲ ಎದೆಯೆತ್ತರದ ದೊಡ್ಡ ರಾಟೆಯ ಮುಂದೆ ನಿಂತು. ಬಲಗೈಯಲ್ಲಿ ಚಕ್ರ ತಿರುವುತ್ತ, ಎಡಗೈಯಲ್ಲಿ ಉಣ್ಣೆ ಎಳೆಯುತ್ತ, ಹಿಂದೆ ಹಿಂದೆ ಹೆಜ್ಜೆಯಿಡುತ್ತ. ಏಳು ತಿಂಗಳ ಹಿಂದೆ ಆಲೂಗಡ್ಡೆ ಹೊಲದ ಇಳಿಜಾರಿನಲ್ಲಿ ಬಿದ್ದು ಬಲ ಮಣಿಕಟ್ಟು ಮುರಿಯಿತು. ಮೂಳೆಯೇನೋ ಕೂಡಿತು, ಬೆರಳುಗಳು ಮಾತ್ರ ಹೇಳಿದ ಮಾತು ಕೇಳುವುದನ್ನು ಬಿಟ್ಟವು. ಐದು ಮೊಮ್ಮಕ್ಕಳನ್ನು ಬೆನ್ನಿಗೆ ಕಟ್ಟಿಕೊಂಡ ಬಟ್ಟೆಗಳ ನೂಲು ಅವಳದೇ. ಆರನೆಯದು ಇನ್ನೆರಡು ತಿಂಗಳಲ್ಲಿ ಹುಟ್ಟಲಿತ್ತು. ಅದಕ್ಕೆ ಹುವಾನ್ಕಾಯೊ ಪೇಟೆಯ ನೂಲು ತರೋಣ ಎಂದು ಬಸುರಿ ಸೊಸೆ ಮೆಲ್ಲಗೆ ಹೇಳಿದ ದಿನವೇ ಮುದುಕಿ ಹಿಲಾರಿಯೊನ ಬಾಗಿಲಿಗೆ ಬಂದಿದ್ದಳು.

ಹಿಲಾರಿಯೊ ಮಾಡುತ್ತಿದ್ದ ರಾಟೆಗಳು ಮೂರು ಥರ. ನಿಂತು ನೂಲುವ ದೊಡ್ಡದು, ಕೂತು ತುಳಿಯುವ ಗಿಡ್ಡದು, ಹಳೇ ಸೈಕಲ್ ಗಾಲಿಯ ಅಗ್ಗದ್ದು. ಗಿಡ್ಡದಕ್ಕೆ ಎರಡು ಕೈಯೂ ಬೇಕು, ಉಳಿದೆರಡಕ್ಕೆ ಬಲಗೈ ಬೇಕೇ ಬೇಕು. ಅವನು ಒಂದು ವಾರ ತಲೆ ಕೆರೆದುಕೊಂಡು, ಗಿಡ್ಡದರ ತುಳಿಹಲಗೆಗೆ ದೊಡ್ಡದರ ಕದಿರು, ಅಂದರೆ ನೂಲು ಸುತ್ತಿಕೊಳ್ಳುವ ಕಡ್ಡಿ, ಕೂಡಿಸಿ, ಊರಲ್ಲಿ ಯಾರೂ ಕಂಡಿರದ ನಾಲ್ಕನೆಯದೊಂದನ್ನು ಮಾಡಿದ. ಚಕ್ರ ಕಾಲಿಗೆ, ಉಣ್ಣೆ ಎಡಗೈಗೆ.

ಅವಳು ತುಳಿದಳು. ಉಣ್ಣೆಯ ಹಂಜಿ ಹಿಡಿದು ಎಳೆದಳು. ನೂಲು ಬಂತು, ಎಲ್ಲೂ ಗಂಟಿಲ್ಲದೆ, ತೋಳುದ್ದಕ್ಕೂ. ಕಣ್ಣು ಮಂಜಾಗಿ ಚಕ್ರವೇ ಕಾಣದಾಯಿತು.

ಜೊತೆಗೆ ಬಂದಿದ್ದ ನಾದಿನಿ ಫೊರ್ತುನಾತಾ ಬಗ್ಗಿ ನೂಲನ್ನು ಎರಡು ಬೆರಳಲ್ಲಿ ಹೊಸೆದು ನೋಡಿದಳು.

"ಅತ್ತಿಗೆ, ಇದು ಎಡಕ್ಕೆ ಹುರಿಗೊಂಡಿದೆ."

ಸತುರ್ನೀನಾಳ ಕಾಲು ನಿಂತಿತು. ಬಟ್ಟೆಗೆ ನೂಲುವುದು ಬಲಹುರಿ. ಎಡಹುರಿ ಕೆಡುಕು ತಟ್ಟದಿರಲೆಂದು ಮೈಗೆ ಕಟ್ಟುವಂಥದ್ದು: ಬಸುರಿಯರಿಗೆ, ದೂರ ಹೊರಟವರಿಗೆ, ಹೆಣ ಹೊತ್ತು ಬಂದವರಿಗೆ. ಬೇಕೆಂದು ನೂತರೆ ಅದು ಕಾವಲು, ಹೊಸ ರಾಟೆಯ ಮೊದಲ ನೂಲೇ ತಾನಾಗಿ ಹೀಗಾದರೆ ಅಪಶಕುನ, ಈ ರಾಟೆಯನ್ನು ಬಸುರಿ ಇರುವ ಮನೆಗೆ ಒಯ್ಯುವುದು ಬೇಡ ಎಂದಳು ಫೊರ್ತುನಾತಾ. ರಾಟೆ ಮಾಡುವ ಗಂಡಸರಿಗೆ ಮೊದಲು ಒಂದು ಮೊಳ ನೂಲುವುದನ್ನು ಕಲಿಸಬೇಕು ಎಂದೂ ಸೇರಿಸಿದಳು.

ಹಿಲಾರಿಯೊನ ಮುಖ ಸಣ್ಣದಾಯಿತು. ಚಕ್ರದಿಂದ ಕದಿರಿಗೆ ಹೋಗುವ ಹಗ್ಗ ಜಾರದಿರಲೆಂದು ಅವನು ಅದನ್ನು ನಡುವೆ ಕತ್ತರಿಯಂತೆ ಅಡ್ಡ ಹಾಯಿಸಿದ್ದ. ಬಿಗಿಯೇನೋ ಬಂತು, ಚಕ್ರ ಒಂದು ಕಡೆ ತಿರುಗಿದರೆ ಕದಿರು ಇನ್ನೊಂದು ಕಡೆ ತಿರುಗುತ್ತದೆಂಬುದು ಹೊಳೆಯಲಿಲ್ಲ. ತಪ್ಪಾಯಿತೆಂದು, ನೂಲು ಕತ್ತರಿಸಿ ಒಲೆಗೆ ಹಾಕಲು ಚಾಕು ತೆಗೆದ.

ಚಾಕು ಹಿಡಿದ ಕೈಯ ಪಕ್ಕದಲ್ಲಿ ಅವನ ಎಡಗೈ. ಎರಡು ಬೆರಳಿನ ತುದಿ ಗರಗಸಕ್ಕೆ ಹೋಗಿ ವರ್ಷಗಳಾಗಿದ್ದವು. ಸತುರ್ನೀನಾ ಅದನ್ನೇ ನೋಡಿದಳು.

"ಚಾಕು ಇಡೋ. ಆ ಕೈ ಇಲ್ಲಿ ಕೊಡು."

"ಯಾಕವ್ವ?"

"ಗರಗಸ ತಿಂದಿದ್ದು ಸಾಕು. ಇನ್ನು ಎಷ್ಟು ಜನಕ್ಕೆ ರಾಟೆ ಮಾಡ್ಬೇಕೋ ನೀನು. ಸತ್ತೇಹೋಯ್ತು ಅಂದ್ಕೊಂಡಿದ್ದೆ ನನ್ನ ನೂಲು. ನೀನು ವಾಪಸ್ ಕೊಟ್ಟೆ. ಮೊದಲ್ನೇದು ನಿಂಗೇ."

ಹಲ್ಲಿನಿಂದ ನೂಲು ಕಡಿದು ಅವನ ಮಣಿಕಟ್ಟಿಗೆ ಮೂರು ಸುತ್ತು ಸುತ್ತಿದಳು. ಗಂಟಿಗೆ ಇನ್ನೊಂದು ಕೈ ಬೇಕಿತ್ತು. ಅವನು ಬೆರಳು ಚಾಚಿದ, ಅವಳು ಬೇಡವೆಂದು ತಲೆಯಾಡಿಸಿದಳು. ಮಡಿಲಲ್ಲಿದ್ದ ಬಲಗೈಯನ್ನು ಎತ್ತಿ, ಹೆಬ್ಬೆರಳಿನಿಂದ ನೂಲಿನ ತುದಿಯನ್ನು ಅವನ ಚರ್ಮಕ್ಕೆ ಒತ್ತಿ ಹಿಡಿದಳು. ಹೆಬ್ಬೆರಳು ಜಾರಲಿಲ್ಲ. ಗಂಟು ಕೊಂಚ ಸಡಿಲವಾಗಿಯೇ ಬಿತ್ತು.

ಹಿಲಾರಿಯೊ ಕಣ್ಣೊರೆಸಿಕೊಂಡು ಹಗ್ಗ ಸರಿಪಡಿಸಲು ಬಗ್ಗಿದ. ಫೊರ್ತುನಾತಾ ಅವನ ಭುಜ ಹಿಡಿದಳು.

"ಸ್ವಲ್ಪ ಹೊತ್ತು ಹಾಗೇ ಇರ್ಲಿ ಬಿಡೋ. ಸೊಸೆಗೂ ಒಂದು ಮೊಳ ಬೇಕಲ್ಲ."

ಹೇಳಿ, ಉಣ್ಣೆಯ ಬುಟ್ಟಿಯನ್ನು ಅತ್ತಿಗೆಯ ಎಡಗೈಗೆ ಎಟುಕುವಂತೆ ಇಟ್ಟಳು. ಸತುರ್ನೀನಾ ಕಾಲು ಒತ್ತಿದಳು. ಚಕ್ರ ಒಂದು ಕಡೆ ಹೊರಟಿತು, ಕದಿರು ಇನ್ನೊಂದು ಕಡೆ.