ಡಬ್ಬದ ಮೇಲಿನ ಚೀಟಿ

‘ಶಿಕ್ಷಣ, ಸಂಸ್ಕೃತಿ ಮತ್ತು ಜಗತ್ತಿನ ಹೊಣೆ’ ಎಂಬ ಭಾಷಣಕ್ಕೆ ನನಗೆ ಮೊದಲ ಬಹುಮಾನ ಬಂತು. ಬೆಂಕಿ ಬೀಳಲಿ ಆ ಬಹುಮಾನಕ್ಕೆ!

ಅದನ್ನು ಬರೆಯುತ್ತಿದ್ದ ಸಂಜೆ ಅಮ್ಮ ಲಾಂಡ್ರಿಯಿಂದ ಬಂದವಳೇ ಚೀಲದಿಂದ ಒಂದು ಒದ್ದೆ ಚೀಟಿ ತೆಗೆದಳು. ಆಸ್ಪತ್ರೆ, ಹೋಟೆಲುಗಳ ಹಾಸುಹೊದಿಕೆಯನ್ನೆಲ್ಲ ಒಗೆಯುವ ದೊಡ್ಡ ಲಾಂಡ್ರಿ ಅದು. ಕಲೆ ತೆಗೆಯುವುದು ಅಮ್ಮನ ಕೆಲಸ. ಕಲೆಗೆ ಹಾಕುವ ಕೆಮಿಕಲ್ಲಿನ ಹೊಸ ಡಬ್ಬಗಳು ಹೊರದೇಶದಿಂದ ಬಂದಿದ್ದವು. ಒಂದರ ಮೇಲಿನ ಚೀಟಿ ಕಿತ್ತು ತಂದಿದ್ದಳು. ಅದರ ಭಾಷೆ ಅಲ್ಲಿ ಯಾರಿಗೂ ಬಾರದು. ನಾನು ಕಾಲೇಜಿನಲ್ಲಿ ಮೂರು ವರ್ಷದಿಂದ ಕಲಿಯುತ್ತಿದ್ದದ್ದು ಅದನ್ನೇ.

“ಲಾಯರಮ್ಮಾ,” ಭಾಷಣದ ಹುಚ್ಚಿನ ನನಗೆ ಅಮ್ಮ ಇಟ್ಟ ಹೆಸರು ಅದು, “ಇದೇನು ಬರ್ದಿದೆ ನೋಡೇ. ಸೂಪರ್‌ವೈಸರ್‌ನ ಕೇಳಿದ್ರೆ ಸೋಪೇ ಕಣಮ್ಮ ಅಂತಾನೆ. ಸೋಪಿಗೆ ಇಷ್ಟೊಂದು ಕೆಂಪಕ್ಷರ ಯಾಕೆ?”

“ಆಮೇಲೆ ನೋಡ್ತೀನಮ್ಮ. ನಾಳೆ ಸ್ಪರ್ಧೆ ಇದೆ, ತಲೆ ತಿನ್ಬೇಡ.”

“ಆಯ್ತು ಕಣೇ ತಾಯಿ, ನೀನು ಲೋಕ ಉದ್ಧಾರ ಮಾಡು,” ಎಂದು ನಕ್ಕು ಅಮ್ಮ ಅಡುಗೆಗೆ ಎದ್ದಳು. ಚೀಟಿಯನ್ನು ನಾನು ಪುಸ್ತಕದಲ್ಲಿ ಪುಟದ ಗುರುತಿಗೆ ಇಟ್ಟುಕೊಂಡೆ. ಆಗ ಬರೆಯುತ್ತಿದ್ದ ಸಾಲು ಇನ್ನೂ ಬಾಯಿಪಾಠವಿದೆ: ‘ಎಲ್ಲೋ ಒಬ್ಬಳು ತಾಯಿಯ ಕಣ್ಣೀರಿಗೆ ಓದು ಬಲ್ಲ ಪ್ರತಿಯೊಬ್ಬರೂ ಹೊಣೆ.’ ಎಲ್ಲೋ ಅಂತೆ! ನಾಲ್ಕು ಹೆಜ್ಜೆ ಆಚೆ ನನ್ನ ತಾಯಿ ಈರುಳ್ಳಿ ಹೆಚ್ಚುತ್ತಿದ್ದಳು.

ಮರುದಿನ ನಾನು ವೇದಿಕೆಯ ಮೇಲೆ ಚಪ್ಪಾಳೆ ಗಿಟ್ಟಿಸುತ್ತಿದ್ದ ಹೊತ್ತಿಗೆ ಅಮ್ಮ ಹೊಸ ಡಬ್ಬ ತೆರೆದಳು. ತೀರಾ ಗಟ್ಟಿಯಾಗಿದೆಯೆಂದು, ಎಂದಿನ ಸೋಪಿಗೆ ಹಾಕುವಂತೆ, ಅದಕ್ಕೇ ಒಂದು ಮಗ್ ನೀರು ಸುರಿದಳು. ಅದು ಕೊತಕೊತ ಕುದಿದು ಮುಖಕ್ಕೆ ಸಿಡಿಯಿತು. ಎರಡೂ ಕಣ್ಣು ಹೋದವು.

ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಪುಸ್ತಕದಿಂದ ಚೀಟಿ ತೆಗೆದು ಓದಿದೆ. ಕೆಂಪಕ್ಷರದಲ್ಲಿ ಎರಡೇ ಮಾತು: ‘ಇದನ್ನು ನೀರಿಗೆ ಹಾಕಿ. ಇದಕ್ಕೆ ನೀರು ಹಾಕಬೇಡಿ.’ ನಿಘಂಟೂ ಬೇಕಾಗಲಿಲ್ಲ. ಮೊದಲ ವರ್ಷದ ಪಾಠದಲ್ಲೇ ಬರುವ ಪದಗಳು. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುತ್ತಾರಲ್ಲ, ನನಗೆ ಊರೂ ಸಾಲದೆ ಲೋಕವೇ ಬೇಕಾಗಿತ್ತು.

ಮನೆಗೆ ಕರೆತಂದ ಮೂರನೆಯ ದಿನ ಅಮ್ಮನೇ ಕೇಳಿದಳು.

“ಆ ಚೀಟಿ ಓದಿದ್ಯೇನೇ? ಏನಿತ್ತು ಅದ್ರಲ್ಲಿ?”

“ಏನಿಲ್ಲಮ್ಮ. ಕಂಪನಿ ಹೆಸರು, ವಿಳಾಸ. ಅಷ್ಟೇ.”

ಅಮ್ಮ ತಡಕಾಡಿ ನನ್ನ ಕೈ ಹಿಡಿದುಕೊಂಡಳು. ಪಟ್ಟಿ ಕಟ್ಟಿದ ಮುಖದಲ್ಲಿ ಅಷ್ಟು ದಿನಕ್ಕೆ ಮೊದಲ ಸಲ ನಗು ಬಂತು.

“ಸದ್ಯ! ಹಾಗಾದ್ರೆ ನೀನು ಓದಿದ್ರೂ ಇದು ತಪ್ತಿರ್ಲಿಲ್ಲ ಬಿಡು. ಹುಡುಗಿ ಎಲ್ಲಿ ಕೊರಗ್ತಾಳೋ ಅಂತ ಅದೇ ಒಂದು ಚಿಂತೆ ಆಗಿತ್ತು ನಂಗೆ. ಎಲ್ಲಿ, ಆ ಭಾಷಣ ಓದು, ಕೇಳ್ತೀನಿ.”

ಓದಿದೆ. ‘ಎಲ್ಲೋ ಒಬ್ಬಳು ತಾಯಿ’ ಎಂಬಲ್ಲಿಗೆ ಬಂದಾಗ ಮುಂದೆ ಹೋಗಲಾಗಲಿಲ್ಲ.

“ಯಾಕೆ ನಿಲ್ಲಿಸ್ದೆ?” ಎಂದಳು ಅಮ್ಮ. “ಚೆನ್ನಾಗಿದೆ, ಓದು.”